ಮಲಗಿಸಬಾರದ ಬಾಗಿಲು

ಕಳೆದ ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ನಾನು ಮೈಸೂರು ರಸ್ತೆಯ ಪಕ್ಕದ ಒಂದು ಹಳೇ ಮರದ ಅಂಗಡಿಯಲ್ಲಿ ನಿಂತಿದ್ದೆ. ಕೆಡವಿದ ಮನೆಗಳ ಕಿಟಕಿ, ಬಾಗಿಲು, ತೊಲೆಗಳನ್ನು ಕೊಂಡು ಮಾರುವ ಅಂಗಡಿ ಅದು. ನಮ್ಮ ಬಚ್ಚಲುಮನೆಗೆ ಒಂದು ಬಾಗಿಲು ಬೇಕಿತ್ತು. ಒಳಗೆ ಹೋಗುವ ದಾರಿಯ ಎಡಕ್ಕೆ ಕೆಲವು ಚೌಕಟ್ಟುಗಳನ್ನು ನೆಲದ ಮೇಲೆ ಒಂದರ ಮೇಲೊಂದು ಮಲಗಿಸಿದ್ದರು. ಹಿಂದಿನ ದಿನ ಮಳೆಯಾಗಿತ್ತು. ಎಲ್ಲಕ್ಕಿಂತ ಮೇಲಿದ್ದ ಚೌಕಟ್ಟು ನೆನೆದು ಕಪ್ಪಾಗಿತ್ತು; ಅದರಿಂದ ಅರಿಶಿನ ಮತ್ತು ಹಳೆಯ ಎಣ್ಣೆ ಬೆರೆತ ವಾಸನೆ ಬರುತ್ತಿತ್ತು.

ವಾಸನೆಗೆ ತಿರುಗಿ ನೋಡಿದೆ. ಮೇಲಿನ ಅಡ್ಡಪಟ್ಟಿಯ ನಡುವೆ ಲಕ್ಷ್ಮಿಯ ಕೆತ್ತನೆ, ಅಕ್ಕಪಕ್ಕ ಎರಡು ಆನೆ. ಬಲಗಡೆಯ ಆನೆಗೆ ಸೊಂಡಿಲಿರಲಿಲ್ಲ. ಬಗ್ಗಿ, ಅಡ್ಡಪಟ್ಟಿಯ ಒಳಮೈಗೆ ಕೈ ಹಾಕಿ ತಡವಿದೆ. ಒಂದು ಕಡೆ ಅಂಗೈಯಗಲ ಜಾಗ ನುಣ್ಣಗಿತ್ತು.

ಅಂಗಡಿಯವರನ್ನು ಕರೆದು, "ಇದನ್ನ ಸ್ವಲ್ಪ ಎತ್ತಿ ನಿಲ್ಲಿಸ್ತೀರಾ?" ಎಂದೆ.

"ನಿಲ್ಸೋದು ಬೇಡ ಸಾರ್. ಭಾರೀ ತೂಕ. ಜಾರಿದ್ರೆ ಮೈಮೇಲೇ ಬರುತ್ತೆ. ಮಲಗಿರ್ಲಿ ಬಿಡಿ."

ಎಲ್ಲಿಂದ ಬಂತು ಎಂದು ಕೇಳಿದೆ. ವಿಜಯನಗರದಲ್ಲಿ ಒಂದು ಮನೆ ಬಿಚ್ಚಿದರು, ಅಲ್ಲಿಂದ ಎಂದರು. "ಮನೆ ಅಂಥಾ ಹಳೇದೇನಲ್ಲ ಸಾರ್. ಬಾಗಿಲು ಮಾತ್ರ ಅವರ ತಾತನ ಕಾಲದ್ದಿರಬೇಕು" ಎಂದು ಅವರೇ ಸೇರಿಸಿದರು. ನಾನು ಬಚ್ಚಲಿನ ಬಾಗಿಲು ನೋಡದೆ ಮನೆಗೆ ಬಂದೆ.

ಆ ಬಾಗಿಲು ಹಳೇ ಕೆಂಗೇರಿಯಲ್ಲಿ ನಮ್ಮ ಮನೆಯ ಎದುರಿಗಿದ್ದ ಮೇಷ್ಟ್ರ ಮನೆಯದು. ನಾನು ಮಿಡ್ಲ್ ಸ್ಕೂಲಿನಲ್ಲಿ ಅವರ ಬಳಿ ಭೂಗೋಳ ಓದಿದವನು. ಮೇಷ್ಟ್ರು ತುಂಬ ಎತ್ತರ, ಆ ಬಾಗಿಲು ತೀರ ತಗ್ಗು. ಸಾಯಂಕಾಲ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಬಲಗೈ ಎತ್ತಿ ಬಾಗಿಲಿನ ಮೇಲ್ಪಟ್ಟಿಯನ್ನು ಹಿಡಿದು, ತಲೆ ಬಗ್ಗಿಸಿ ಒಳಗೆ ಹೋಗುತ್ತಿದ್ದರು. ದಿನವೂ ಅದೇ ಜಾಗದಲ್ಲಿ ಅದೇ ಕೈ. "ನಮ್ಮನೇಲಿ ನನಗಿಂತ ದೊಡ್ಡ ಮೇಷ್ಟ್ರು ಒಬ್ರಿದಾರೆ ಕಣ್ರೋ, ದಿನಾ ನನ್ನ ತಲೆ ಬಗ್ಗಿಸ್ತಾರೆ" ಎಂದು ತರಗತಿಯಲ್ಲಿ ಹೇಳುತ್ತಿದ್ದರು. ಯಾರೆಂದು ಕೇಳಿದರೆ ಬಾಗಿಲು ಎನ್ನುತ್ತಿದ್ದರು. ಅದು ತಮಾಷೆ, ನಿಜವಾಗಿ ಹೇಳುತ್ತಿರುವುದು ಅವರ ತಾಯಿಯನ್ನು ಎಂದೇ ನಾವು ಬಹಳ ದಿನ ತಿಳಿದುಕೊಂಡಿದ್ದೆವು.

ಹಾಗೆ ತಿಳಿದದ್ದರಲ್ಲಿ ನಮ್ಮ ತಪ್ಪಿರಲಿಲ್ಲ. ಮೇಷ್ಟ್ರ ತಾಯಿಯನ್ನು ಇಡೀ ಬೀದಿ ದೊಡ್ಡಮ್ಮ ಎಂದು ಕರೆಯುತ್ತಿತ್ತು, ಅವರ ಬಾಯಿಗೆ ಹೆದರುತ್ತಿತ್ತು. ಚಿಕ್ಕ ವಯಸ್ಸಿಗೇ ಆ ಮನೆಗೆ ಸೊಸೆಯಾಗಿ ಬಂದವರು. ಆ ಹೊಸ್ತಿಲ ಮೇಲೆ ಯಾರೂ ನಿಲ್ಲುವಂತಿರಲಿಲ್ಲ, ಕೂರುವ ಮಾತಂತೂ ಇಲ್ಲ. ನಾನು ಕೆಲಸಕ್ಕೆ ಸೇರಿ ಮೀಸೆ ಬಿಟ್ಟ ಮೇಲೂ ಒಂದು ಸಲ ಮರೆತು ಅದರ ಮೇಲೆ ಕಾಲಿಟ್ಟು ನಿಂತಿದ್ದಕ್ಕೆ, "ಇಳಿಯೋ, ಲಕ್ಷ್ಮಿ ತಲೆ ಮೇಲೆ ನಿಂತಿದೀಯ" ಎಂದು ಗದರಿಸಿದ್ದರು. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಡುವುದು ಮೇಷ್ಟ್ರ ಹೆಂಡತಿಯ ಕೆಲಸ. ಪಕ್ಕದಲ್ಲಿ ನಿಂತು ತಪ್ಪು ಹುಡುಕುವುದು ದೊಡ್ಡಮ್ಮನ ಕೆಲಸ. ಮೇಷ್ಟ್ರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಈಗಲೂ ಹಾಗೆಯೇ ಕರೆಯುತ್ತೇನೆ.

ಮನೆಯ ಬಗ್ಗೆ ಹೇಳಬೇಕು. ಅದನ್ನು ಕಟ್ಟಿಸಿದ್ದು ಮೇಷ್ಟ್ರ ಮುತ್ತಾತ. ಸುತ್ತಲಿನ ಹಳ್ಳಿಗಳ ಹುಣಸೆಹಣ್ಣು, ಬೆಲ್ಲ ಕೊಂಡು ಗಾಡಿಗಳಲ್ಲಿ ಬೆಂಗಳೂರಿನ ಪೇಟೆಗೆ ಕಳಿಸುತ್ತಿದ್ದವರು. ಬೀದಿಗೆ ಎರಡು ಕಡೆ ಅಗಲವಾದ ಜಗಲಿ, ವ್ಯಾಪಾರಕ್ಕೆ ಬಂದವರು ಕೂರಲು. ನಡುವೆ ಹೆಬ್ಬಾಗಿಲು. ಒಳಗೆ ಪಡಸಾಲೆ, ಅದರಾಚೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ನಾಲ್ಕು ಮೂಲೆಗೆ ನಾಲ್ಕು ಮರದ ಕಂಬ. ಆಮೇಲೆ ನಡುಮನೆ, ಎಡಕ್ಕೆ ದೇವರಮನೆ, ಬಲಕ್ಕೆ ಅಡಿಗೆಮನೆ, ಹಿಂದೆ ಬಚ್ಚಲು, ಹಿತ್ತಲು. ಮಳೆ ಬಂದರೆ ನಾಲ್ಕು ಕಡೆಯ ಹೆಂಚಿನ ನೀರೂ ತೊಟ್ಟಿಗೆ ಬಿದ್ದು, ಪಡಸಾಲೆಯ ಕೆಳಗೆ ಕಟ್ಟಿದ್ದ ಕಾಲುವೆಯಲ್ಲಿ ಹರಿದು ಬೀದಿಗೆ ಬರುತ್ತಿತ್ತು.

ಗೋಡೆಗಳೆಲ್ಲ ಮಣ್ಣಿನವು, ಮೊಳಕ್ಕೂ ಹೆಚ್ಚು ದಪ್ಪ. ಕೆರೆಯ ಮಣ್ಣು ತಂದು, ಹುಲ್ಲು ಕಲಸಿ, ತುಳಿದು, ಒಂದು ವರಸೆ ಹಾಕಿ ಒಣಗಲು ಬಿಟ್ಟು, ಒಣಗಿದ ಮೇಲೆ ಇನ್ನೊಂದು ವರಸೆ. ಸುಣ್ಣ ಉದುರಿದ ಕಡೆ ಆ ವರಸೆಗಳು ಕಾಣುತ್ತಿದ್ದವು. ಅಂಥ ಮನೆಗಳಲ್ಲಿ ಮೊದಲು ನಿಲ್ಲುವುದು ಬಾಗಿಲು. ಪಾಯದ ಮೇಲೆ ಒಳ್ಳೆಯ ಮುಹೂರ್ತದಲ್ಲಿ ಚೌಕಟ್ಟನ್ನು ನಿಲ್ಲಿಸಿ, ಹೊಸ್ತಿಲ ಕೆಳಗೆ ನವಧಾನ್ಯ, ಒಂದು ತಾಮ್ರದ ಭರಣಿಯಲ್ಲಿ ಚೂರು ಬಂಗಾರ ಇಟ್ಟು, ಪೂಜೆ ಮಾಡಿ, ಆಮೇಲೆ ಅದರ ಎರಡು ಪಕ್ಕಕ್ಕೆ ಗೋಡೆ ಏರಿಸುತ್ತಾರೆ. ಚೌಕಟ್ಟಿನ ಮೇಲಿನ ಮಣ್ಣು, ಅದರ ಮೇಲಿನ ಬೆಳಕಿಂಡಿ, ಅದಕ್ಕೂ ಮೇಲಿನ ತೊಲೆಯ ತುದಿ, ಎಲ್ಲದರ ಭಾರವೂ ಚೌಕಟ್ಟಿನ ಮೇಲೇ ಕೂತಿರುತ್ತದೆ. ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಹಾಗೇ ಇದ್ದವು. ನಮ್ಮದೂ ಅಷ್ಟೇ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮೇಷ್ಟ್ರಿಗೆ ವಿಜಯನಗರದಲ್ಲಿ ಸೈಟು ಸಿಕ್ಕಿತು. ಹಳೆಯ ಮನೆಯ ಹಿಂಭಾಗದ ಗೋಡೆ ನೀರು ಕುಡಿದು ಉಬ್ಬಿತ್ತು. ಪಕ್ಕದ ದಿನಸಿ ವ್ಯಾಪಾರಿ ಆ ಜಾಗವನ್ನು ಕೊಳ್ಳಲು ಒಪ್ಪಿದ್ದರು. ಎಲ್ಲ ಸರಿಯಾಗಿತ್ತು, ದೊಡ್ಡಮ್ಮನೊಬ್ಬರನ್ನು ಬಿಟ್ಟು. ಅವರು ಒಂದೇ ಮಾತು ಹೇಳಿದರು: ಆ ಹೊಸ್ತಿಲು ದಾಟಿ ಬಂದವಳು ನಾನು, ಇನ್ನೊಂದು ಹೊಸ್ತಿಲು ದಾಟಲ್ಲ. ಮೇಷ್ಟ್ರು ಕೆಲವು ತಿಂಗಳು ಆ ಮಾತು ಎತ್ತಲಿಲ್ಲ. ಆಮೇಲೆ ಒಂದು ದಿನ, ಊಟಕ್ಕೆ ಕೂತಾಗ, "ಸರಿ ಅಮ್ಮ. ನೀನು ಬೇರೆ ಹೊಸ್ತಿಲು ದಾಟ್ಬೇಡ. ಇದನ್ನೇ ಕಿತ್ಕೊಂಡು ಹೋಗಿ ಅಲ್ಲಿ ಇಡ್ತೀನಿ, ದಾಟ್ತೀಯಾ?" ಎಂದರಂತೆ. ದೊಡ್ಡಮ್ಮ, "ಮಜ್ಜಿಗೆ ಹಾಕ್ಕೋ" ಎಂದರಂತೆ. ಇದನ್ನು ನನಗೆ ಹೇಳಿದ್ದು ಅಕ್ಕ. ಮಜ್ಜಿಗೆ ಹಾಕ್ಕೋ ಅಂದರೆ ಒಪ್ಪಿದ ಹಾಗೆ ಎಂದೂ ಅವರೇ ವಿವರಿಸಿದರು.

ನಾನಾಗ ಒಬ್ಬ ಕಂಟ್ರಾಕ್ಟರರ ಬಳಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಹೊಸ ಮನೆ ಆದಷ್ಟೂ ಹಳೆಯದರ ಹಾಗಿರಬೇಕೆಂದು ಮೇಷ್ಟ್ರು ನನ್ನನ್ನು ಕರೆದು ಹಳೆಯ ಮನೆಯ ಅಳತೆ ತೆಗೆಸಿದರು. ಒಂದು ಭಾನುವಾರವೆಲ್ಲ ಟೇಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ದೊಡ್ಡಮ್ಮ ತೊಟ್ಟಿಯ ಕಂಬಕ್ಕೆ ಒರಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಏನೋ, ನನ್ನ ಮನೆಗೆ ಅಳತೆ ತಗೋತಾ ಇದೀಯ? ಅಳತೆ ತಗೊಳ್ಳೋದು ಹೆಣಕ್ಕೆ ಕಣೋ" ಎಂದರು ನನಗೆ.

"ರವಿಕೆಗೂ ತಗೋತಾರಲ್ಲಮ್ಮ" ಎಂದರು ಮೇಷ್ಟ್ರು.

"ನಿನ್ನ ಹೆಂಡ್ತಿ ರವಿಕೆಗೆ ತಗೊಳ್ಳೋರಿಗೆ ನಾಚಿಕೆಯಾಗ್ಬೇಕು, ಒಂದೂ ಸರಿಯಾಗಿ ಹೊಲಿಯಲ್ಲ" ಎಂದು ದೊಡ್ಡಮ್ಮ ಅಂದದ್ದಕ್ಕೆ ಅಡಿಗೆಮನೆಯಿಂದ ಅಕ್ಕ ನಕ್ಕದ್ದು ಕೇಳಿತು. ಜಗಲಿಯ ಮೇಲೆ ಕೂತಿದ್ದ ಒಂದಿಬ್ಬರೂ ನಕ್ಕರು. ಹೆಣದ ಆ ಮೊದಲ ಮಾತನ್ನು ಅವರೂ ಕೇಳಿಸಿಕೊಂಡಿದ್ದರು...

ಮೂವತ್ತು ಅಡಿಗೆ ನಲವತ್ತು ಅಡಿಯ ಸೈಟಿನಲ್ಲಿ ತೊಟ್ಟಿ ಕೂರಲಿಲ್ಲ. ಕಂಬಗಳೂ ಕೂರಲಿಲ್ಲ. ಕೊನೆಗೆ ಹಳೆಯ ಮನೆಯಿಂದ ಹೊಸದಕ್ಕೆ ಹೋಗುವುದೆಂದು ಉಳಿದದ್ದು ಬಾಗಿಲು ಒಂದೇ.

ಇಲ್ಲೊಂದು ತೊಡಕಿತ್ತು. ಅದು ತೊಡಕೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಹೊಸ ಮನೆಯಲ್ಲೂ ಬಾಗಿಲು ಮೊದಲು ನಿಲ್ಲಬೇಕು, ಗೋಡೆ ಆಮೇಲೆ. ಗೋಡೆ ಎದ್ದು, ತಾರಸಿಯ ಮೋಲ್ಡಿಂಗ್ ಆಗಿ, ಸಂಸಾರ ಅಲ್ಲಿಗೆ ಹೋಗುವವರೆಗೆ ಎಲ್ಲರೂ ಹಳೆಯ ಮನೆಯಲ್ಲೇ ಇರಬೇಕು. ಹಾಗಾಗಿ ಬಾಗಿಲು ಹೊರಡುವಾಗ ಹಳೆಯ ಮನೆ ನಿಂತೇ ಇರುತ್ತದೆ. ಕಟ್ಟುವಾಗ ಮೊದಲು ನಿಂತದ್ದನ್ನು ಬಿಚ್ಚುವಾಗಲೂ ಮೊದಲು ತೆಗೆಯಬೇಕಾಯಿತು. ಬಾಗಿಲು ತೆಗೆದ ಜಾಗಕ್ಕೆ ಒಂದು ತಗಡಿನ ಬಾಗಿಲು ಮಾಡಿಸಿ ತೊಟ್ಟಿಯಲ್ಲಿ ಒರಗಿಸಿಟ್ಟಿದ್ದರು.

ಹೊಸ ಪಾಯದ ಮೇಲೆ ಬಾಗಿಲು ನಿಲ್ಲಿಸಲು ಮುಹೂರ್ತ ಇದ್ದದ್ದು ಮಾಘ ಮಾಸದ ಒಂದು ಶುಕ್ರವಾರ, ಮಧ್ಯಾಹ್ನದ ಒಳಗೆ. ಬೆಳಿಗ್ಗೆಯೇ ಬಾಗಿಲು ತೆಗೆದು ಲಾರಿಯಲ್ಲಿ ವಿಜಯನಗರಕ್ಕೆ ಒಯ್ಯುವುದೆಂದು ತೀರ್ಮಾನವಾಗಿತ್ತು. ನಾನು ಕೆಲಸಕ್ಕೆ ಹೊರಡುವ ಮುಂಚೆ ನೋಡಿಕೊಂಡು ಹೋಗೋಣವೆಂದು ನಮ್ಮ ಮನೆಯ ಜಗಲಿಯ ಮೇಲೆ, ಎಡಗಡೆಯ ಕಂಬದ ಪಕ್ಕ ನಿಂತಿದ್ದೆ. ಬೀದಿ ಸಣ್ಣದು. ಅಲ್ಲಿಂದ ಮೇಷ್ಟ್ರ ಹೆಬ್ಬಾಗಿಲು ನೇರ ಎದುರಿಗೆ, ಅದರೊಳಗೆ ತೊಟ್ಟಿಯ ಬೆಳಕಿನವರೆಗೂ ಕಾಣುತ್ತಿತ್ತು. ಇಷ್ಟು ಹೇಳುವುದು ಏಕೆಂದರೆ, ಆಮೇಲೆ ಈ ಬಗ್ಗೆ ಮಾತಾಡಿದ ಹಲವರು ಅಲ್ಲಿರಲಿಲ್ಲ.

ಮರದ ಕೆಲಸದ ಆಚಾರ್ರು ಇಬ್ಬರು ಕೂಲಿಯವರನ್ನು ಕರೆತಂದಿದ್ದರು. ಹಿಂದಿನ ದಿನವೇ ಚೌಕಟ್ಟಿನ ಸುತ್ತ ಮಣ್ಣು ಬಿಡಿಸಿ, ಮೇಲಿನ ಗೋಡೆಗೆ ಒಂದು ದಪ್ಪ ಹಲಗೆ ಆನಿಸಿ, ಅದಕ್ಕೆ ಬೀದಿಯ ಕಡೆಯಿಂದ ಎರಡು, ಒಳಗಡೆಯಿಂದ ಎರಡು ಸರ್ವೆ ಕಂಬ ಕೊಟ್ಟಿದ್ದರು. ಚೌಕಟ್ಟನ್ನು ಒಳಗಡೆಗೆ, ಪಡಸಾಲೆಯ ನೆಲಕ್ಕೆ ಮಲಗಿಸಿ, ಮಗ್ಗುಲಾಗಿ ತಿರುಗಿಸಿ, ಕಂಬಗಳ ನಡುವಿನಿಂದ ಉದ್ದಕ್ಕೆ ಬೀದಿಗೆ ಎಳೆದುಕೊಳ್ಳುವುದು ಅವರ ಲೆಕ್ಕ. ಅಕ್ಕ ಆರತಿ ತಟ್ಟೆ ಹಿಡಿದು ಜಗಲಿಯ ಕೆಳಗೆ ನಿಂತಿದ್ದರು. ದೊಡ್ಡಮ್ಮ ಬೀದಿಯ ನಡುವೆ.

ಆಚಾರ್ರು "ಮೆಲ್ಲಗೆ ಮಲಗಿಸ್ರಪ್ಪ" ಎಂದ ಕೂಡಲೇ ದೊಡ್ಡಮ್ಮ, "ಏನಂದ್ರಿ ಆಚಾರ್ರೇ?" ಎಂದರು.

"ಮಲಗಿಸಿ ಎಳ್ಕೋತೀವಿ ದೊಡ್ಡಮ್ಮ."

"ಬಾಗಿಲು ಮಲಗಿಸ್ತಾರೇನ್ರಿ? ಹೆಬ್ಬಾಗಿಲು ಮಲಗಿದ್ರೆ ಮನೆ ಮಲಗ್ದಂಗೆ. ನಿಂತಿರೋ ಲಕ್ಷ್ಮೀನ ನಿಲ್ಲಿಸ್ಕೊಂಡೇ ಕರ್ಕೊಂಡ್ಹೋಗಿ."

ಆಚಾರ್ರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ನಕ್ಕು, "ಅಮ್ಮ ಹೇಳಿದಂಗೇ ಆಗ್ಲಿ ಆಚಾರ್ರೇ. ಇಷ್ಟು ಮಾಡಿದೀವಿ, ಅದೊಂದು ಯಾಕೆ?" ಎಂದರು. ನಿಲ್ಲಿಸಿ ತರಬೇಕೆಂದರೆ ಬೀದಿಯ ಕಡೆಯ ಎರಡು ಕಂಬ ಅಡ್ಡ ಬರುತ್ತಿದ್ದವು. ಆಚಾರ್ರು ಗೋಡೆಯನ್ನು ಒಮ್ಮೆ ಅಂಗೈಯಿಂದ ತಟ್ಟಿದರು. "ನೂರು ವರ್ಷ ನಿಂತಿರೋ ಗೋಡೆ, ಅರ್ಧ ಗಂಟೆ ನಿಲ್ಲಲ್ವಾ? ತೆಗೀರಿ. ಬಾಗಿಲು ಹೊರಗೆ ಬಂದ ತಕ್ಷಣ ಮತ್ತೆ ಕೊಡೋಣ" ಎಂದರು. ಎರಡು ಕಂಬಗಳನ್ನೂ ತೆಗೆದು ಜಗಲಿಯ ಮೇಲಿಟ್ಟರು. ಬೇಡವೆಂದು ಯಾರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ತೋಚಲೂ ಇಲ್ಲ. ಎಲ್ಲರ ಮುಖದಲ್ಲೂ ಹಬ್ಬದ ಕಳೆ ಇತ್ತು.

ಬಾಗಿಲು ನಿಂತುಕೊಂಡೇ ಹೊರಗೆ ಬಂತು. ಹೆಣ್ಣನ್ನು ಹಸೆಗೆ ಕರೆತರುವ ಹಾಗೆ, ಹೆಜ್ಜೆ ಹೆಜ್ಜೆಗೆ ನಿಂತು. ಬೀದಿಗಿಳಿಸಿ, ಮುಖ ಮನೆಯ ಕಡೆಗಿರುವಂತೆ ಹಿಡಿದು ನಿಂತರು. ಅಕ್ಕ ಆರತಿ ಎತ್ತಿದರು. ಲಾರಿ ಬೀದಿಯ ಕೊನೆಯಲ್ಲಿತ್ತು, ಹಿಂದಕ್ಕೆ ಬರಬೇಕಿತ್ತು. ನಿಂತ ಬಾಗಿಲಿಗೆ ಹಿಡಿಯುವ ಕೈ ಬೇಕು. ಆಚಾರ್ರು, ಇಬ್ಬರು ಕೂಲಿಯವರು, ಮೂವರ ಕೈಯೂ ಅದರ ಮೇಲಿತ್ತು. ಸರ್ವೆ ಕಂಬಗಳು ಜಗಲಿಯ ಮೇಲೇ ಇದ್ದವು.

ಅಷ್ಟರಲ್ಲಿ ಮೇಷ್ಟ್ರಿಗೆ ಹೊಸ್ತಿಲ ಕೆಳಗಿನ ಭರಣಿಯ ನೆನಪಾಯಿತು. ಅದನ್ನು ಹೊಸ ಮನೆಯ ಹೊಸ್ತಿಲ ಕೆಳಗೆ ಇಡಬೇಕಿತ್ತು. ಅವರು ಬಾಗಿಲು ಇದ್ದ ಜಾಗಕ್ಕೆ ಹೋಗಿ, ಅಭ್ಯಾಸದಂತೆ ಬಲಗೈ ಮೇಲೆತ್ತಿ ಹಿಡಿಯಹೋದರು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಅವರು ಅದಕ್ಕೆ ತಾವೇ ನಕ್ಕದ್ದು ನನಗೆ ಕಾಣಿಸಿತು. ಆಮೇಲೆ ಮಂಡಿಯೂರಿ ಕೂತು ಕೈಯಿಂದ ಮಣ್ಣು ಕೆದಕಿದರು. ಮೇಲೆ ಬೆಳಕಿಂಡಿಯ ಪಕ್ಕದಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು, ಜರಡಿಯಿಂದ ರಾಗಿ ಹಿಟ್ಟು ಇಳಿದ ಹಾಗೆ. ಅವರ ಬೆನ್ನಿನ ಬಿಳೀ ಅಂಗಿಯ ಮೇಲೆ ಅದು ಬೀಳುತ್ತಿದ್ದದ್ದನ್ನು ನಾನು ಕಂಡೆ. ಅದೇನೆಂದು ನನಗೆ ಅರ್ಥವಾಗುವ ಮುಂಚೆಯೇ ಅವರು ಕೈ ಎತ್ತಿ ತೋರಿಸಿದರು.

"ಅಮ್ಮ, ಸಿಕ್ತು."

ಹಲಗೆ ಬೀದಿಯ ಕಡೆಗೆ ಓಲಿತು. ಬೆಳಕಿಂಡಿ ಒಂದು ಪಕ್ಕಕ್ಕೆ ವಾಲಿತು. ಆಮೇಲೆ ಮೇಲಿನ ಮಣ್ಣೆಲ್ಲ ಒಟ್ಟಿಗೆ ಬಂತು, ಅದರ ಹಿಂದೆ ತೊಲೆ. ತೊಲೆಯ ತುದಿ ಬೀದಿಗೆ ಚಿಮ್ಮಿ ಬಾಗಿಲಿನ ಮೇಲ್ಪಟ್ಟಿಗೆ ತಾಗಿ ನಿಂತಿತು. ಆನೆಯ ಸೊಂಡಿಲು ಮುರಿದದ್ದು ಆಗ. ದೊಡ್ಡ ಸದ್ದೇನೂ ಆಗಲಿಲ್ಲ, ಮಣ್ಣಿಗೆ ಸದ್ದಿಲ್ಲ. ಅಕ್ಕ ಕೂಗಿದ್ದು ನನಗೆ ಕೇಳಿತು. ನಾನು ಕೂಗಿದೆನೋ ಇಲ್ಲವೋ... ತಿಳಿಯದು.

ಕೈಯಲ್ಲೇ ಮಣ್ಣು ತೋಡಿ ಅವರನ್ನು ಹೊರಗೆಳೆದೆವು. ಉಸಿರಿತ್ತು. ಬಾಗಿಲಿಗೆಂದು ಬಂದಿದ್ದ ಲಾರಿಯಲ್ಲಿ, ಬಾಗಿಲಿಗೆಂದು ಹಾಸಿದ್ದ ಹುಲ್ಲಿನ ಮೇಲೆ ಅವರನ್ನು ಮಲಗಿಸಿಕೊಂಡು ಪೇಟೆಯ ಆಸ್ಪತ್ರೆಗೆ ಹೊರಟೆವು. ತಲೆ ಅಕ್ಕನ ತೊಡೆಯ ಮೇಲಿತ್ತು, ಕಾಲು ನನ್ನ ತೊಡೆಯ ಮೇಲೆ. ನಾಯಂಡಹಳ್ಳಿ ಬರುವ ಮುಂಚೆಯೇ ಅಕ್ಕ ಲಾರಿ ನಿಲ್ಲಿಸಲು ಹೇಳಿದರು.

ನಾವು ವಾಪಸು ಬಂದಾಗ ಬೀದಿ ತುಂಬ ಜನ. ಆಚಾರ್ರು ಬಾಗಿಲನ್ನು ನಮ್ಮ ಜಗಲಿಯ ಕಂಬಕ್ಕೆ ಒರಗಿಸಿ, ಇನ್ನೂ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಬಿಡಿ ಎಂದರೂ ಬಿಡಲಿಲ್ಲ.

ಆಮೇಲಿನ ಮಾತುಗಳನ್ನು ಇಲ್ಲಿ ಬರೆಯಬೇಕಾಗಿದೆ, ಏಕೆಂದರೆ ಅವು ಇನ್ನೂ ಓಡಾಡುತ್ತಿವೆ. ಹೊಸ್ತಿಲು ಕಿತ್ತದ್ದಕ್ಕೆ ಮನೆ ಬಲಿ ತೆಗೆದುಕೊಂಡಿತು ಎಂದರು. ಭರಣಿಯ ಬಂಗಾರಕ್ಕೆ ಕೈ ಹಾಕಿದ್ದಕ್ಕೆ ಎಂದರು. ಎಲ್ಲಕ್ಕಿಂತ ಹೆಚ್ಚಾಗಿ, ಆ ಮುದುಕಿಯ ನಾಲಿಗೆ, ಹೆಣಕ್ಕೆ ಅಳತೆ ಅಂದಳಲ್ಲ, ಹಾಗೇ ಆಯಿತು ಎಂದರು. ಅವರ ಜೊತೆ ಅಂದು ಜಗಲಿಯ ಮೇಲೆ ನಕ್ಕವರೇ ಇದನ್ನು ಹೇಳಿದರು. ದೊಡ್ಡಮ್ಮನ ಕಿವಿಗೂ ಅದು ಬಿತ್ತು. ನಾನು ನೋಡಿದ್ದು ಇಷ್ಟು: ಗೋಡೆ ಬಾಗಿಲಿನ ಮೇಲೆ ಕೂತಿತ್ತು, ಬಾಗಿಲು ಹೊರಗೆ ಬಂತು, ಬೀದಿಯ ಕಡೆ ಆನಿಸಿದ್ದ ಕಂಬಗಳು ಇರಲಿಲ್ಲ, ಗೋಡೆ ಬಿತ್ತು. ಬಾಗಿಲು ಮಲಗಿಸಬೇಡಿ ಎಂದವರು ದೊಡ್ಡಮ್ಮ, ಅದು ನಿಜ. ಆಗಲಿ ಎಂದವರು ಮೇಷ್ಟ್ರು, ತೆಗೀರಿ ಎಂದವರು ಆಚಾರ್ರು, ಅದೂ ನಿಜ. ಕೇಳಿದವರಿಗೆಲ್ಲ ನಾನು ಇದನ್ನೇ ಹೇಳಿದ್ದೇನೆ. ಹೆಚ್ಚು ಜನ ಕೇಳಲಿಲ್ಲ.

ಸಂಸಾರ ನಮ್ಮ ಮನೆಯ ಹಿಂದಿನ ಕೋಣೆಗಳಿಗೆ ಬಂತು. ಬಾಗಿಲು ನಮ್ಮ ಜಗಲಿಯ ಮೇಲೆ ಒರಗಿಕೊಂಡೇ ಇತ್ತು. ವಿಜಯನಗರದ ಮನೆಯ ಕೆಲಸ ಒಂದು ವರ್ಷ ನಿಂತು, ಅಕ್ಕನ ಅಣ್ಣನ ಉಸ್ತುವಾರಿಯಲ್ಲಿ ಮತ್ತೆ ಶುರುವಾಯಿತು. ಆ ಬಾಗಿಲು ಬೇಡ, ಒಡೆದು ಸೌದೆ ಮಾಡಿ ಎಂದು ನೆಂಟರೆಲ್ಲ ಹೇಳಿದರು. ಅಕ್ಕ ಹೆಚ್ಚು ಮಾತಾಡುವವರಲ್ಲ. "ಅದನ್ನ ಇಡ್ದಿದ್ರೆ ಅತ್ತೆ ಒಳಗೆ ಬರಲ್ಲ. ಅವರು ಬರ್ಲಿ ಅಂತಾನೇ ಅಲ್ವಾ ಇವರು ಅಷ್ಟೆಲ್ಲ ಮಾಡಿದ್ದು?" ಎಂದರು. ಅಲ್ಲಿಗೆ ಮಾತು ಮುಗಿಯಿತು. ಈ ಸಲ ಅದನ್ನು ಲಾರಿಯಲ್ಲಿ ಮಲಗಿಸಿಕೊಂಡೇ ಒಯ್ದರು. ದೊಡ್ಡಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

ಗೃಹಪ್ರವೇಶದ ದಿನ ನಾನು ಅಲ್ಲಿದ್ದೆ. ಎಲ್ಲರೂ ಒಳಗೆ ಹೋದರು. ದೊಡ್ಡಮ್ಮ ಹೊರಗೇ ನಿಂತಿದ್ದರು. ಅಕ್ಕ ಬಂದು ಕೈ ನೀಡಿದರು. ದೊಡ್ಡಮ್ಮ ಅದನ್ನು ಹಿಡಿಯದೆ, ಎರಡು ಹೆಜ್ಜೆ ಮುಂದೆ ಬಂದು, ನಿಧಾನವಾಗಿ ಬಗ್ಗಿ, ಹೊಸ್ತಿಲ ಮೇಲೆ ಕೂತುಬಿಟ್ಟರು. ಹಸಿ ಅರಿಶಿನ ಸೀರೆಗೆ ಹತ್ತಿತು. ಜೀವಮಾನವೆಲ್ಲ ಯಾರನ್ನೂ ಆ ಹೊಸ್ತಿಲ ಮೇಲೆ ನಿಲ್ಲಗೊಡದಿದ್ದವರು, ಬಂದವರೆಲ್ಲ ನೋಡುತ್ತಿರುವಂತೆ ಅಲ್ಲಿ ಕೂತಿದ್ದರು. ಕೈಯಿಂದ ಬಾಗಿಲಿನ ಪಕ್ಕದ ಕಂಬವನ್ನು ತಡವುತ್ತಿದ್ದರು. ಬಹಳ ಹೊತ್ತಾದ ಮೇಲೆ ಅಕ್ಕ, "ಅತ್ತೆ, ಒಳಗೆ ಬನ್ನಿ" ಎಂದರು. ಆಗ ಎದ್ದು ದಾಟಿದರು. ಅಲ್ಲೇ ಕೆಲವು ವರ್ಷ ಬದುಕಿದ್ದು, ಆ ಮನೆಯಲ್ಲೇ ತೀರಿಕೊಂಡರು.

ಆ ಮನೆಯೂ ಬೇರೆಯವರ ಕೈಗೆ ಹೋಗಿ ಬಹಳ ಕಾಲವಾಯಿತು. ಈಗ ಅದನ್ನೂ ಬಿಚ್ಚಿದ್ದಾರೆ. ಕೆಂಗೇರಿಯ ಹಳೆಯ ಬೀದಿಯಲ್ಲಿ ಮೇಷ್ಟ್ರ ಮನೆ ಇದ್ದ ಕಡೆ ಗೋಡೌನು ಬಂದು ಹೋಗಿ, ಈಗ ಮೂರಂತಸ್ತಿನ ಕಟ್ಟಡ ಇದೆ. ಆಚಾರ್ರು ಆಮೇಲೆ ಹೆಬ್ಬಾಗಿಲ ಕೆಲಸ ಒಪ್ಪಿಕೊಳ್ಳಲೇ ಇಲ್ಲ. ಕಿಟಕಿ, ಮಂಚ ಮಾಡಿಕೊಂಡಿದ್ದು ತೀರಿಕೊಂಡರು. ಕೂಲಿಯವರಲ್ಲಿ ಒಬ್ಬರು ತಮ್ಮ ಊರಿಗೆ ಹೋಗಿ ಅಲ್ಲೇ ತೀರಿಕೊಂಡರೆಂದು ಕೇಳಿದೆ. ಇನ್ನೊಬ್ಬರನ್ನು ಈಚಿನವರೆಗೂ ಕೆಂಗೇರಿಯ ಬಸ್ ಸ್ಟ್ಯಾಂಡಿನ ಬಳಿ ಕಾಣುತ್ತಿದ್ದೆ. ಹೋದ ವರ್ಷ ಅವರೂ ಹೋದರು.

ಉಳಿದವರು ಅಕ್ಕ. ಅವರು ಕೆಂಗೇರಿ ಉಪನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಅಂಗಡಿಯಿಂದ ಬಂದ ಮರುದಿನ ಅವರಲ್ಲಿಗೆ ಹೋಗಿ, ಬಾಗಿಲು ಕಂಡೆ ಎಂದೆ. ಯಾವ ಬಾಗಿಲೆಂದು ಅವರು ಕೇಳಲಿಲ್ಲ.

"ನಿಂತಿತ್ತಾ, ಮಲಗಿತ್ತಾ?" ಎಂದರು.

"ಮಲಗಿಸಿದಾರೆ ಅಕ್ಕ."

"ಸದ್ಯ" ಎಂದರು. ಮತ್ತೆ, "ಹಾಗೇ ಇರ್ಲಿ" ಎಂದರು.

ಆ ಶುಕ್ರವಾರ ಬೆಳಿಗ್ಗೆ ಬೀದಿಯಲ್ಲಿದ್ದು ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಬದುಕಿರುವವರು ಅಕ್ಕ ಮತ್ತು ನಾನು.